ಚೆಕ್ಕಿಗೆ ಕೈಗೆ ರೊಕ್ಕ: ಬ್ಯಾಂಕು ಯಾವಾಗ ಕೊಡುತ್ತದೆ, ಯಾವಾಗ ವಾಪಸ್ ಕಳಿಸುತ್ತದೆ

ವಿಜಯಪುರದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವುದು ನನ್ನ ಕೆಲಸ. ದಿನಕ್ಕೆ ಹತ್ತು ಹದಿನೈದು ಚೆಕ್ ಬರೆಯುತ್ತೇನೆ. ಸಹಿ ಮಾಲೀಕರದು, ಉಳಿದದ್ದೆಲ್ಲ ನನ್ನ ಕೈಬರಹ. ಹೋದ ವರ್ಷ ಇಂಡಿ ಕಡೆಯ ಒಬ್ಬ ಹಿರಿಯ ರೈತರು ಲಿಂಬೆ ತಂದಿದ್ದರು. ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಆಯಿತು, 38,500 ರೂಪಾಯಿಯ ಚೆಕ್ ಕೊಟ್ಟೆ. ಮಗಳ ಮನೆಗೆ ಹೋಗೋದಿದೆ, ನಗದೇ ಬೇಕು ಅಂದಿದ್ದರು. ಸರಿ ಕಾಕಾ, ಇಲ್ಲೇ ಬ್ಯಾಂಕಿಗೆ ಹೋಗಿ ತೊಗೊಳ್ಳಿ ಅಂತ ಕಳಿಸಿದೆ. ಎರಡು ತಾಸು ಬಿಟ್ಟು ಬಿಸಿಲಲ್ಲಿ ವಾಪಸ್ ಬಂದರು.

"ತಮ್ಮಾ, ಇದಕ್ಕ ರೊಕ್ಕ ಕೊಡಂಗಿಲ್ಲಂತ. ಮೂಲ್ಯಾಗ ಗೆರಿ ಅದ ಅಂತಾರ."

ಚೆಕ್ ಇಸಿದುಕೊಂಡು ನೋಡಿದೆ. ಎಡಗಡೆ ಮೇಲಿನ ಮೂಲೆಯಲ್ಲಿ ಎರಡು ಓರೆ ಗೆರೆ. ಎಳೆದವನು ನಾನೇ. ದೊಡ್ಡ ವ್ಯಾಪಾರಿಗಳಿಗೆ ಕೊಡುವ ಚೆಕ್ಕಿಗೆ ಎಳೆದೂ ಎಳೆದೂ ಕೈಗೆ ಅಭ್ಯಾಸ ಆಗಿಬಿಟ್ಟಿದೆ. ಬ್ಯಾಂಕಿನವರದು ಒಂದಿಷ್ಟೂ ತಪ್ಪಿರಲಿಲ್ಲ. ಕಾಕಾ ಮಾತ್ರ ಬ್ಯಾಂಕಿನವರನ್ನೇ ಬೈದುಕೊಂಡು ಬಂದಿದ್ದರು.

ಅವತ್ತಿನಿಂದ ಚೆಕ್ ಕೊಡುವಾಗ ಎರಡು ಮಾತು ಹೇಳಿ ಕೊಡುತ್ತೇನೆ. ಆ ಎರಡು ಮಾತು ಬೆಳೆದು ಇಷ್ಟು ಉದ್ದ ಆಗಿದೆ.

ಬ್ಯಾಂಕು ಯಾರ ಮಾತು ಕೇಳುತ್ತದೆ

ಒಂದು ಚೆಕ್ಕಿನಲ್ಲಿ ಮೂರು ಜನ ಇರುತ್ತಾರೆ. ಬರೆದುಕೊಟ್ಟವರು, ಅವರ ಖಾತೆ ಇರುವ ಬ್ಯಾಂಕು, ಮತ್ತೆ ಚೆಕ್ ಹಿಡಿದು ಸಾಲಲ್ಲಿ ನಿಂತ ನೀವು. ಬ್ಯಾಂಕಿಗೆ ಈ ಚೆಕ್ಕಿನ ಮಟ್ಟಿಗೆ ಗ್ರಾಹಕರು ಅಂದರೆ ಬರೆದುಕೊಟ್ಟವರು. ನಿಮ್ಮ ಗುರುತು ಅದಕ್ಕಿಲ್ಲ. 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 31ನೇ ಕಲಮು ಹೇಳುವುದೂ ಇದನ್ನೇ. ಖಾತೆಯಲ್ಲಿ ರೊಕ್ಕ ಇದ್ದು, ಚೆಕ್ ಸರಿ ಇದ್ದೂ ಬ್ಯಾಂಕು ಕೊಡದೆ ಹೋದರೆ, ಅದರಿಂದ ಆದ ನಷ್ಟವನ್ನು ಬರೆದುಕೊಟ್ಟವರಿಗೆ ತುಂಬಿಕೊಡಬೇಕು. ಚೆಕ್ ಹಿಡಿದು ಬಂದವರಿಗೆ ಏನು ಕೊಡಬೇಕು ಅನ್ನುವ ಮಾತೇ ಅಲ್ಲಿಲ್ಲ.

ಈಗ ಸ್ವಲ್ಪ ಹೊತ್ತು ಕ್ಯಾಶಿಯರ್ ಕುರ್ಚಿಯಲ್ಲಿ ಕೂತು ನೋಡಿ. ಕೊಡಬಾರದ ಚೆಕ್ಕಿಗೆ ರೊಕ್ಕ ಎಣಿಸಿಕೊಟ್ಟರೆ ನಾಳೆ ಖಾತೆದಾರರು ಬಂದು "ಇದು ನನ್ನ ಸಹಿ ಅಲ್ಲ" ಅಂತಾರೆ. ಆ ರೊಕ್ಕ ಬ್ಯಾಂಕಿನ ತಲೆ ಮೇಲೆ ಬರುತ್ತದೆ, ಕ್ಯಾಶಿಯರ್ ಮೇಲೆ ವಿಚಾರಣೆಯೂ ಬರಬಹುದು. ಅನುಮಾನ ಬಂದ ಚೆಕ್ಕನ್ನು ವಾಪಸ್ ಕೊಟ್ಟರೆ ನೀವು ನಾಲ್ಕು ಮಾತು ಬೈತೀರಿ, ಅಷ್ಟೇ ಅಲ್ವಾ? ಬೈಸಿಕೊಳ್ಳುವುದೇ ಅವರಿಗೆ ಅಗ್ಗ.

ಹಾಗಾಗಿ ಚೆಕ್ ಕೈಗೆ ಬಂದ ತಕ್ಷಣ ಅಂಗಡಿಯಲ್ಲೇ ನಿಂತು ಅದನ್ನು ಕ್ಯಾಶಿಯರ್ ಕಣ್ಣಿಂದ ಒಮ್ಮೆ ನೋಡಿ. ಬರೆದವರು ಎದುರಿಗೇ ಇರುತ್ತಾರೆ, ತಪ್ಪಿದ್ದರೆ ಬೇರೆ ಹಾಳೆ ಹರಿದುಕೊಡುತ್ತಾರೆ. ಊರು ಮುಟ್ಟಿದ ಮೇಲೆ ನೋಡಿದರೆ ಮತ್ತೊಂದು ಬಸ್ ಚಾರ್ಜು.

ಮೊದಲು ಮೂಲೆ ನೋಡಿ

ಎಡ ಮೂಲೆಯಲ್ಲಿ ಎರಡು ಗೆರೆ ಇದ್ದರೆ ಅದು ಕ್ರಾಸ್ ಮಾಡಿದ ಚೆಕ್. ಕೌಂಟರಿನಲ್ಲಿ ನಗದು ಸಿಗುವುದಿಲ್ಲ. ಯಾವುದಾದರೂ ಬ್ಯಾಂಕ್ ಖಾತೆಗೆ ಹಾಕಿಯೇ ತೆಗೆಯಬೇಕು. ಮ್ಯಾನೇಜರ್ ನಿಮ್ಮ ಸಂಬಂಧಿಕರಾದರೂ ಅಷ್ಟೇ. ಗೆರೆಗಳ ನಡುವೆ "ಅಕೌಂಟ್ ಪೇಯೀ" ಅಂತ ಬರೆದಿದ್ದರೆ ಇನ್ನೂ ಬಿಗಿ. ಯಾರ ಹೆಸರಿದೆಯೋ ಅವರ ಖಾತೆಗೇ ಹೋಗಬೇಕು. ಹೆಂಡತಿಯ ಖಾತೆಗೆ, ಅಣ್ಣನ ಖಾತೆಗೆ ಹಾಕಲು ಆಗುವುದಿಲ್ಲ.

ಗೆರೆ ಇಲ್ಲ ಅಂದರೆ ಹೆಸರಿನ ಸಾಲಿನ ಕೊನೆಗೆ ನೋಡಿ. ಅಲ್ಲಿ "ಆರ್ ಬೇರರ್" ಅಂತ ಅಚ್ಚಾಗಿರುತ್ತದೆ. ಅದನ್ನು ಹೊಡೆದುಹಾಕಿಲ್ಲ ಅಂದರೆ ಬೇರರ್ ಚೆಕ್, ತಂದವರ ಕೈಗೆ ರೊಕ್ಕ. ಹೊಡೆದುಹಾಕಿದ್ದರೆ ಆರ್ಡರ್ ಚೆಕ್. ಆಗ ಹೆಸರಿರುವವರು ನೀವೇ ಅಂತ ಬ್ಯಾಂಕಿಗೆ ಖಾತ್ರಿ ಆಗಬೇಕು. ಆ ಶಾಖೆಯಲ್ಲಿ ನಿಮಗೆ ಖಾತೆ ಇಲ್ಲದಿದ್ದರೆ "ಖಾತೆಗೇ ಹಾಕಿ" ಅನ್ನುವವರೇ ಜಾಸ್ತಿ.

ಬೇರರ್ ಚೆಕ್ಕಿಗೆ ಒಂದು ಅಪಾಯ ಇದೆ. ಅದು ಬಸ್ ಸ್ಟ್ಯಾಂಡಿನಲ್ಲಿ ಬಿದ್ದು ಯಾರಿಗೋ ಸಿಕ್ಕರೆ ಅವರೂ "ತಂದವರು" ಆಗುತ್ತಾರೆ. ಕಾಯ್ದೆಯ 85ನೇ ಕಲಮಿನ ಪ್ರಕಾರ, ಬೇರರ್ ಅಂತ ಬರೆದ ಚೆಕ್ ಹಿಂದೆ ಯಾರು ಏನೇ ಬರೆದಿರಲಿ, ತಂದವರಿಗೆ ನ್ಯಾಯವಾಗಿ ರೊಕ್ಕ ಕೊಟ್ಟರೆ ಬ್ಯಾಂಕಿನ ಹೊಣೆ ಮುಗಿಯಿತು. ಆದ್ದರಿಂದ ಬೇರರ್ ಚೆಕ್ ಇಸಿದುಕೊಂಡರೆ ನೆಟ್ಟಗೆ ಬ್ಯಾಂಕಿಗೇ ನಡೆಯಿರಿ. ನಡುವೆ ಚಹಾ ಬೇಡ.

ಕ್ರಾಸ್ ಮಾಡಿದ್ದನ್ನು ರದ್ದು ಮಾಡಬಹುದಾ? ಬರೆದುಕೊಟ್ಟವರು ಮಾತ್ರ ಮಾಡಬಹುದು. ಗೆರೆಯ ಹತ್ತಿರ "ಕ್ರಾಸಿಂಗ್ ರದ್ದು, ನಗದು ಕೊಡಿ" ಅಂತ ಬರೆದು ಪೂರ್ತಿ ಸಹಿ ಹಾಕುವ ರೂಢಿ ಇದೆ. ಆದರೆ ಈಗಿನ ಕ್ಯಾಶಿಯರ್‌ಗಳು ತಿದ್ದಿದ ಚೆಕ್ ಕಂಡರೆ ಕೈ ಹಿಂದೆ ತೆಗೆಯುತ್ತಾರೆ. ಹೊಸ ಚೆಕ್ ಬರೆಸಿಕೊಳ್ಳುವುದೇ ವಾಸಿ. ನಾನೂ ಕಾಕಾಗೆ ಅದನ್ನೇ ಮಾಡಿದೆ.

"ಸೆಲ್ಫ್" ಅಂತ ಬರೆದ ಚೆಕ್ ಬೇರೆ ಜಾತಿ. ಅದು ಖಾತೆದಾರರು ತಾವೇ ಬಂದು ತೆಗೆಯುವುದಕ್ಕೆ. ಮಾಲೀಕರು ಹುಡುಗನ ಕೈಯಲ್ಲಿ ಸೆಲ್ಫ್ ಚೆಕ್ ಕಳಿಸಿದರೆ ಪರಿಚಯದ ಶಾಖೆಯಲ್ಲಿ ಒಂದು ಫೋನ್ ಮಾಡಿ ಕೊಟ್ಟಾರು. ಪರಿಚಯ ಇಲ್ಲದ ಕಡೆ ಅವನು ಸುಮ್ನೆ ಹೋಗಿ ಬರುತ್ತಾನೆ. ಹುಡುಗನ ಹೆಸರಿಗೇ ಬರೆದು ಕಳಿಸಿ.

ತಾರೀಖು

ತಾರೀಖಿನಿಂದ ಮೂರು ತಿಂಗಳು ಮಾತ್ರ ಚೆಕ್ಕಿಗೆ ಜೀವ. ಮೊದಲು ಆರು ತಿಂಗಳಿತ್ತು. 2012ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕು ಮೂರಕ್ಕೆ ಇಳಿಸಿತು. ಇಷ್ಟು ವರ್ಷ ಆದರೂ ಆರು ತಿಂಗಳು ಅಂತಲೇ ತಿಳಿದು ಚೆಕ್ಕನ್ನು ದೇವರ ಫೋಟೋ ಹಿಂದೆ ಇಟ್ಟವರನ್ನು ನೋಡಿದ್ದೇನೆ. ಕೊನೇ ದಿನದ ತನಕ ಎಳೆಯಬೇಡಿ. ಕೊನೇ ದಿನ ಭಾನುವಾರವೋ ಎರಡನೇ ಶನಿವಾರವೋ ಬಂದರೆ ಬಾಯಿ ಬಾಯಿ ಬಿಡಬೇಕಾಗುತ್ತದೆ.

ಮುಂದಿನ ತಾರೀಖಿನ ಚೆಕ್ಕನ್ನು ಆ ದಿನ ಬರುವವರೆಗೆ ಬ್ಯಾಂಕು ಮುಟ್ಟುವುದಿಲ್ಲ. ನೇಕಾರಿಕೆ ಇರುವ ಊರುಗಳಲ್ಲಿ ಇದು ದಿನದ ವ್ಯವಹಾರ. ಇಳಕಲ್ ಸೀರೆಯನ್ನೋ ಗುಳೇದಗುಡ್ಡದ ಖಣವನ್ನೋ ಒಯ್ದ ವ್ಯಾಪಾರಿ ಮುಂದಿನ ತಿಂಗಳ ತಾರೀಖು ಹಾಕಿ ಚೆಕ್ ಕೊಡುತ್ತಾನೆ. ಇಸಿದುಕೊಳ್ಳಿ, ಬೇಡ ಅನ್ನಲ್ಲ. ಆದರೆ ಅದು ವಾಯಿದೆ ಅಂತ ತಿಳಿದು ಇಸಿದುಕೊಳ್ಳಿ. ಅವತ್ತೇ ಹೋಗಿ ಕ್ಯಾಶಿಯರ್ ಜೊತೆ ಜಗಳ ತೆಗೆದರೆ ಉಪಯೋಗ ಇಲ್ಲ.

ತಾರೀಖೇ ಹಾಕದ ಚೆಕ್ಕೂ ವಾಪಸ್. ಇನ್ನೊಂದು ತಮಾಷೆ: ಶಕ ವರ್ಷದ ರಾಷ್ಟ್ರೀಯ ಪಂಚಾಂಗದ ಪ್ರಕಾರ ಹಿಂದಿಯಲ್ಲಿ ತಾರೀಖು ಬರೆದ ಚೆಕ್ಕನ್ನೂ ಬ್ಯಾಂಕು ಒಪ್ಪಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ನನ್ನ ಕೈಗೆ ಒಂದೂ ಬಂದಿಲ್ಲ.

ಬರಹ, ಹೆಸರು, ಮೊತ್ತ

ಕನ್ನಡದಲ್ಲಿ ಬರೆದ ಚೆಕ್ ನಡೆಯುತ್ತದಾ? ನಡೆಯುತ್ತದೆ. ಚೆಕ್ ಹಾಳೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೂ ಗ್ರಾಹಕರು ಹಿಂದಿ, ಇಂಗ್ಲಿಷ್ ಅಥವಾ ಆಯಾ ಪ್ರದೇಶದ ಭಾಷೆಯಲ್ಲಿ ಬರೆಯಬಹುದು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಹೊರರಾಜ್ಯದಿಂದ ಬಂದ ಹೊಸ ಕ್ಲರ್ಕ್ "ಇದು ಆಗಲ್ಲ" ಅಂದರೆ ಅಲ್ಲಿಂದ ಹೊರಡಬೇಡಿ, ಮ್ಯಾನೇಜರ್ ಹತ್ತಿರ ಹೋಗಿ ಕೇಳಿ. ಅಂಕಿಯ ಚೌಕ ಮತ್ತು ತಾರೀಖಿನ ಚೌಕದಲ್ಲಿ ಮಾತ್ರ ಎಲ್ಲರೂ ಬಳಸುವ ಅಂಕಿಯನ್ನೇ ಬರೆಯುತ್ತೇನೆ. ಓದುವವರಿಗೆ ಸುಲಭ.

ಮೊತ್ತ ಅಂಕಿಯಲ್ಲಿ ಒಂದು, ಅಕ್ಷರದಲ್ಲಿ ಇನ್ನೊಂದು ಇದ್ದರೆ? ಕಾಯ್ದೆಯ 18ನೇ ಕಲಮು ಅಕ್ಷರದಲ್ಲಿ ಬರೆದದ್ದೇ ಲೆಕ್ಕ ಅನ್ನುತ್ತದೆ. ಕೌಂಟರಿನಲ್ಲಿ ನಡೆಯುವುದೇ ಬೇರೆ. ಎರಡೂ ಕೂಡದಿದ್ದರೆ ವಾಪಸ್, ಮುಗೀತು. ಕಾಯ್ದೆ ಪುಸ್ತಕ ಹಿಡಿದು ವಾದ ಮಾಡಿದ ಒಬ್ಬ ವಕೀಲರನ್ನು ನೋಡಿದ್ದೇನೆ. ಕೊನೆಗೆ ಅವರೂ ಹೊಸ ಚೆಕ್ ಬರೆಸಿಕೊಂಡು ಬಂದರು.

ತಿದ್ದಿದ್ದು ಬೇಡವೇ ಬೇಡ. ಈಗ ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೆ ಚೆಕ್ಕಿನ ಕಾಗದ ಹೋಗುವುದಿಲ್ಲ, ಅದರ ಚಿತ್ರ ಮಾತ್ರ ಹೋಗುತ್ತದೆ. ಸಿಟಿಎಸ್ ಅಂತಾರೆ. ಆ ವ್ಯವಸ್ಥೆಯಲ್ಲಿ ಹೆಸರು, ಮೊತ್ತ ತಿದ್ದಿದ ಚೆಕ್ ನಡೆಯುವುದಿಲ್ಲ. ತಿದ್ದಿದ ಕಡೆ ಸಹಿ ಮಾಡಿದರೆ ಆಯಿತು ಅನ್ನುವ ಹಳೇ ಕಾಲ ಹೋಯಿತು. ಒಂದು ಅಕ್ಷರ ತಪ್ಪಿದರೂ ನಾನು ಆ ಹಾಳೆಗೆ ಅಡ್ಡ ಗೆರೆ ಹೊಡೆದು ರದ್ದು ಮಾಡುತ್ತೇನೆ.

ಹೆಸರಿನ ರಗಳೆ ನಮ್ಮ ಕಡೆ ಜಾಸ್ತಿ. ಊರಲ್ಲಿ ಮಲ್ಲಪ್ಪ, ಆಧಾರಿನಲ್ಲಿ ಮಲ್ಲಿಕಾರ್ಜುನ, ಪಾಸ್‌ಬುಕ್ಕಿನಲ್ಲಿ ಅಪ್ಪನ ಹೆಸರು ಮೊದಲು ಬಂದಿರುತ್ತದೆ. ಬೇರರ್ ಚೆಕ್ಕಿಗೆ ಇದು ಅಷ್ಟು ತೊಡಕಲ್ಲ. ಖಾತೆಗೆ ಹಾಕುವ ಚೆಕ್ಕಿಗೆ ಇದೇ ದೊಡ್ಡ ತೊಡಕು. ಬರೆಸಿಕೊಳ್ಳುವಾಗ ಪಾಸ್‌ಬುಕ್ ಮೊದಲ ಪುಟ ತೋರಿಸಿ, ಅಲ್ಲಿ ಹೇಗಿದೆಯೋ ಹಾಗೇ ಬರೆಸಿ.

ಇನ್ನು ಕಾಗದ. ಕಾಕಾಗೆ ಕೊಟ್ಟ ಎರಡನೇ ಚೆಕ್ಕನ್ನು ಅವರು ನಾಲ್ಕು ಮಡಿಕೆ ಮಾಡಿ ಎಲೆ ಅಡಕಿ ಚೀಲಕ್ಕೆ ಹಾಕಲು ಹೊರಟಿದ್ದರು. ಒಳಗೆ ಸುಣ್ಣದ ಡಬ್ಬಿ. ತಡೆದು, ಹಳೇ ಲಗ್ನಪತ್ರಿಕೆಯ ಪಾಕೀಟಿನಲ್ಲಿ ಇಟ್ಟುಕೊಟ್ಟೆ. ಚೆಕ್ಕಿನ ಕೆಳಗಿನ ಬಿಳಿ ಪಟ್ಟಿಯಲ್ಲಿರುವ ಅಂಕಿಗಳನ್ನು ಯಂತ್ರ ಓದುತ್ತದೆ. ಅಲ್ಲಿ ಪೆನ್ನು ತಾಗಿಸಬೇಡಿ, ಪಿನ್ನು ಚುಚ್ಚಬೇಡಿ, ರಬ್ಬರ್ ಸ್ಟ್ಯಾಂಪ್ ಒತ್ತಬೇಡಿ. ಹರಿದು ಅಂಟಿಸಿದ ಚೆಕ್ ಕಂಡರೆ ಕೌಂಟರಿನಲ್ಲಿ ಪ್ರಶ್ನೆ ಮೇಲೆ ಪ್ರಶ್ನೆ.

ಸಹಿ

ನಮ್ಮ ಮಾಲೀಕರಿಗೆ ಎಪ್ಪತ್ತು ದಾಟಿದೆ. ಕೈ ನಡುಗುತ್ತದೆ. ಬ್ಯಾಂಕಿನ ಕಂಪ್ಯೂಟರಿನಲ್ಲಿರುವುದು ಇಪ್ಪತ್ತು ವರ್ಷದ ಹಿಂದಿನ ಸಹಿ, ಬಾಲ ಎಳೆದು ಕೆಳಗೆ ಎರಡು ಚುಕ್ಕೆ ಇಟ್ಟದ್ದು. ಈಗಿನ ಸಹಿಯಲ್ಲಿ ಬಾಲ ಇದೆ, ಚುಕ್ಕೆ ಇಲ್ಲ. ಒಂದೇ ತಿಂಗಳಲ್ಲಿ ಮೂರು ಚೆಕ್ "ಸಹಿ ಕೂಡಂಗಿಲ್ಲ" ಅಂತ ವಾಪಸ್ ಬಂದವು. ವಾಪಸ್ ಚೀಟಿಯಲ್ಲಿ ಇದಕ್ಕೆ 12 ಅನ್ನುವ ಸಂಖ್ಯೆ. ಖಾತೆಯಲ್ಲಿ ರೊಕ್ಕ ಸಾಲದು ಅನ್ನುವುದಕ್ಕೆ 01. ರೈತರು ಅಂಗಡಿಗೆ ಬಂದು "ನಿಮ್ಮ ಅಂಗಡ್ಯಾಗ ರೊಕ್ಕ ಇಲ್ಲೇನ್ರಿ?" ಅಂತ ಕೇಳಿದಾಗ ಮಾಲೀಕರ ಮುಖ ನೋಡುವಂತಿರಲಿಲ್ಲ. ಕೊನೆಗೆ ಅವರನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಹೊಸ ಮಾದರಿ ಸಹಿ ಕೊಡಿಸಿದೆವು. ಅರ್ಧ ತಾಸಿನ ಕೆಲಸ. ಮೊದಲೇ ಮಾಡಬಹುದಿತ್ತು.

ಅಂಗಡಿ, ಸಂಘ, ಸ್ತ್ರೀಶಕ್ತಿ ಗುಂಪಿನ ಚೆಕ್ ಆದರೆ ಎಷ್ಟು ಸಹಿ ಬೇಕು ಅಂತ ಕೇಳಿ. ಅಧ್ಯಕ್ಷೆ, ಕಾರ್ಯದರ್ಶಿ ಇಬ್ಬರೂ ಹಾಕಬೇಕಾದ ಕಡೆ ಒಬ್ಬರದೇ ಇದ್ದರೆ ಉಪಯೋಗ ಇಲ್ಲ. ಅಂಗಡಿಯ ಹೆಸರಿನ ಸ್ಟ್ಯಾಂಪ್ ಬೇಕಿದ್ದರೆ ಅದೂ ಇರಬೇಕು.

ಹಾಸಿಗೆ ಹಿಡಿದವರು, ಸಹಿ ಮಾಡಲಾಗದ ವಯಸ್ಸಾದವರು ಹೆಬ್ಬೆಟ್ಟು ಒತ್ತಿ ತಮ್ಮ ರೊಕ್ಕ ತೆಗೆಯಬಹುದು. ಕೈ ಹೆಬ್ಬೆಟ್ಟು ಆಗದಿದ್ದರೆ ಕಾಲಿನದೂ ನಡೆಯುತ್ತದೆ. ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಆ ಬ್ಯಾಂಕಿನ ಜವಾಬ್ದಾರಿ ಅಧಿಕಾರಿಯೇ ಆಗಿರಬೇಕು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದವರು ಇದನ್ನು ನೆನಪಿಡಿ. ಎಷ್ಟೋ ಮಂದಿ ಸ್ಟ್ರೆಚರ್ ಮೇಲೆ ಬ್ಯಾಂಕಿಗೆ ಹೊತ್ತು ತರುತ್ತಾರೆ, ಪಾಪ.

ಯಾವ ಬ್ಯಾಂಕು, ಯಾವ ಶಾಖೆ

ನಗದು ಸಿಗುವುದು ಚೆಕ್ ಮೇಲೆ ಹೆಸರಿರುವ ಬ್ಯಾಂಕಿನಲ್ಲಿ ಮಾತ್ರ. ಬೇರೆ ಬ್ಯಾಂಕಿನವರು ನೀವು ಅವರ ಎಷ್ಟೇ ಹಳೇ ಗ್ರಾಹಕರಾದರೂ ನಗದು ಕೊಡುವುದಿಲ್ಲ, ನಿಮ್ಮ ಖಾತೆಗೆ ಹಾಕಿಕೊಳ್ಳುತ್ತಾರೆ. ಆ ಖಾತೆ ಯಾರದು, ಅದರಲ್ಲಿ ಎಷ್ಟಿದೆ ಅಂತ ಅವರಿಗೆ ಗೊತ್ತಿರುವುದಿಲ್ಲವಲ್ಲ.

ಅದೇ ಬ್ಯಾಂಕಿನ ಬೇರೆ ಶಾಖೆಯಾದರೆ? ಅಥಣಿ ಶಾಖೆಯ ಚೆಕ್ಕನ್ನು ವಿಜಯಪುರದಲ್ಲಿ ಕೊಟ್ಟರೆ ಖಾತೆದಾರರಿಗೆ ಸಲೀಸು. ಮೂರನೆಯವರಿಗೆ ನಗದು ಕೊಡುವುದಕ್ಕೆ ಒಂದೊಂದು ಬ್ಯಾಂಕಿಗೆ ಒಂದೊಂದು ಮಿತಿ ಇರುತ್ತದೆ. ಚೆಕ್ ಮೇಲೆ ಅಚ್ಚಾದ ಶಾಖೆಗೇ ಹೋದರೆ ಗೊಂದಲ ಇಲ್ಲ.

ಬ್ಯಾಂಕುಗಳು ಕೂಡಿದ್ದರಿಂದಲೂ ಸಾಕಷ್ಟು ಗೊಂದಲ ಆಗಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಸ್ಟೇಟ್ ಬ್ಯಾಂಕಿಗೆ ಸೇರಿತು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾಕ್ಕೆ, ಅದೇ ವರ್ಷ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ. ನಮ್ಮ ಹಳ್ಳಿಗಳಿಗೆಲ್ಲ ಗೊತ್ತಿದ್ದ, ಧಾರವಾಡದಲ್ಲಿ ಮುಖ್ಯ ಕಚೇರಿ ಇದ್ದ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿಯ ಗ್ರಾಮೀಣ ಬ್ಯಾಂಕಿನ ಜೊತೆ ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕು ಆಯಿತು. ಹಳೇ ಹೆಸರಿನ ಚೆಕ್ ಹಾಳೆಯನ್ನು ಯಾರಾದರೂ ಕೊಟ್ಟರೆ ಶಾಖೆಯಲ್ಲಿ ಕೇಳದೆ ಒಪ್ಪಬೇಡಿ. ಹಿರಿಯರ ಟ್ರಂಕಿನಿಂದ ಅಂಥ ಹಾಳೆ ಇನ್ನೂ ಹೊರಬರುತ್ತವೆ.

ಬೆಳಗಾವಿ, ಬಾಗಲಕೋಟೆ ಕಡೆ ಪತ್ತಿನ ಸಹಕಾರಿ ಸಂಘಗಳು, ಸೌಹಾರ್ದಗಳು ಗಲ್ಲಿಗೆ ಒಂದು. ಪತ್ತಿನ ಸಂಘ ಬ್ಯಾಂಕ್ ಅಲ್ಲ. ನಿಮ್ಮ ಖಾತೆ ಸಂಘದಲ್ಲಿ ಮಾತ್ರ ಇದ್ದರೆ ಅಕೌಂಟ್ ಪೇಯೀ ಚೆಕ್ ಎಲ್ಲಿ ಹಾಕುತ್ತೀರಿ? ಇದಕ್ಕೆ ರಿಸರ್ವ್ ಬ್ಯಾಂಕು ಒಂದು ಸಣ್ಣ ಬಾಗಿಲು ತೆಗೆದಿಟ್ಟಿದೆ. 50,000 ರೂಪಾಯಿವರೆಗಿನ ಅಂಥ ಚೆಕ್ಕನ್ನು, ಸದಸ್ಯರ ಪರವಾಗಿ ಸಂಘದ ಬ್ಯಾಂಕ್ ಖಾತೆಗೆ ಹಾಕಿಕೊಳ್ಳಲು ಬ್ಯಾಂಕುಗಳಿಗೆ ಅವಕಾಶ ಇದೆ. ಅದಕ್ಕಿಂತ ಜಾಸ್ತಿ ಮೊತ್ತಕ್ಕೆ ನಿಮ್ಮದೇ ಬ್ಯಾಂಕ್ ಖಾತೆ ಬೇಕು.

ಕೌಂಟರ್ ಮುಂದೆ

ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕು ಇರುವುದಿಲ್ಲ. ಉಳಿದ ದಿನ ಬೆಳಗ್ಗೆಯೇ ಹೋಗಿ. ಆಧಾರ್ ಅಥವಾ ಬೇರೆ ಗುರುತಿನ ಚೀಟಿಯ ಅಸಲು ಮತ್ತು ಒಂದು ಜೆರಾಕ್ಸ್ ಇಟ್ಟುಕೊಳ್ಳಿ. ಆ ಬ್ಯಾಂಕಿನಲ್ಲಿ ಖಾತೆ ಇಲ್ಲದವರು 50,000 ಅಥವಾ ಅದಕ್ಕಿಂತ ಜಾಸ್ತಿ ವ್ಯವಹಾರ ಮಾಡಿದರೆ ಗುರುತು ನೋಡುವುದು ಅವರ ಕರ್ತವ್ಯ. ಅದಕ್ಕೆ ಸಿಟ್ಟಾಗಬೇಡಿ.

ಚೆಕ್ ಹಿಂದೆ ಮನೆಯಲ್ಲೇ ಸಹಿ ಮಾಡಿಕೊಂಡು ಹೋಗಬೇಡಿ. ಕೌಂಟರಿನವರ ಎದುರಿಗೆ ಮಾಡಿ, ಫೋನ್ ನಂಬರ್ ಕೇಳಿದರೆ ಬರೆಯಿರಿ. ಅವರು ಕಂಪ್ಯೂಟರಿನಲ್ಲಿ ಸಹಿ ಹೊಂದಿಸಿ ನೋಡುತ್ತಾರೆ, ಬಾಕಿ ನೋಡುತ್ತಾರೆ, ದೊಡ್ಡ ಮೊತ್ತವಾದರೆ ಅಧಿಕಾರಿಯ ಹತ್ತಿರ ಒಯ್ಯುತ್ತಾರೆ. ಒಮ್ಮೊಮ್ಮೆ ಬರೆದುಕೊಟ್ಟವರಿಗೆ ಫೋನ್ ಹೋಗುತ್ತದೆ. ಆ ಹೊತ್ತಿಗೆ ಅವರ ಫೋನ್ ಬಂದ್ ಇದ್ದರೆ ನಿಮ್ಮ ನಸೀಬು. ಅದಕ್ಕೇ ಹೊರಡುವ ಮುಂಚೆ "ಬ್ಯಾಂಕಿನಿಂದ ಫೋನ್ ಬಂದರೆ ಎತ್ತರಿ" ಅಂತ ಹೇಳಿಹೋಗಿ.

50,000 ಮತ್ತು ಮೇಲ್ಪಟ್ಟ ಚೆಕ್ಕಿಗೆ ಪಾಸಿಟಿವ್ ಪೇ ಅನ್ನುವುದು 2021ರ ಜನವರಿ 1ರಿಂದ ಬಂದಿದೆ. ಬರೆದುಕೊಟ್ಟವರು ಚೆಕ್ ನಂಬರ್, ತಾರೀಖು, ಹೆಸರು, ಮೊತ್ತವನ್ನು ಬ್ಯಾಂಕಿಗೆ ಮೊದಲೇ ತಿಳಿಸುವುದು. 5 ಲಕ್ಷ ಮತ್ತು ಮೇಲ್ಪಟ್ಟ ಚೆಕ್ಕಿಗೆ ಬ್ಯಾಂಕುಗಳು ಇದನ್ನು ಕಡ್ಡಾಯ ಮಾಡಬಹುದು. ಇದು ಮುಖ್ಯವಾಗಿ ಕ್ಲಿಯರಿಂಗಿಗೆ, ಅಂದರೆ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಪಾಸಾಗಲು ಹೋಗುವ ಚೆಕ್ಕಿಗೆ. ನಗದಿಗೂ ಕೇಳುವ ಬ್ಯಾಂಕುಗಳಿವೆ. ದೊಡ್ಡ ಚೆಕ್ ಇಸಿದುಕೊಳ್ಳುವಾಗ "ಪಾಸಿಟಿವ್ ಪೇ ಹಾಕಿದ್ದೀರಾ?" ಅಂತ ಕೇಳಿಬಿಡಿ. ಕೇಳಿಸಿಕೊಂಡವರಿಗೆ ಅರ್ಥ ಆಗದಿದ್ದರೆ ಹಾಕಿಲ್ಲ ಅಂತಲೇ ತಿಳಿಯಿರಿ.

ಸಣ್ಣ ಊರಿನ ಶಾಖೆಯಲ್ಲಿ ಎರಡು ಮೂರು ಲಕ್ಷ ನಗದು ಬೇಕಿದ್ದರೆ ಹಿಂದಿನ ದಿನವೇ ಹೇಳಿ. ಸಂತೆಯ ದಿನ ಕ್ಯಾಶ್ ಬೇಗ ಖಾಲಿ ಆಗುತ್ತದೆ. ರೊಕ್ಕ ಕೈಗೆ ಬಂದ ಮೇಲೆ ಕೌಂಟರ್ ಬಿಡುವ ಮುಂಚೆ ಎಣಿಸಿಕೊಳ್ಳಿ. ಹಿಂದೆ ನಿಂತವರು ಗೊಣಗಲಿ.

ಎಲ್ಲ ಸರಿ ಇದ್ದೂ ಕೊಡದಿದ್ದರೆ

ಚೆಕ್ಕಿನಲ್ಲಿ ಕುಂದಿಲ್ಲ, ಆದರೂ ಇಲ್ಲ ಅಂದರು. ಆಗ ಕಾರಣ ಖಾತೆಯಲ್ಲಿ ಇರುತ್ತದೆ.

ಮೊದಲನೆಯದು ಬಾಕಿ. 40,000ದ ಚೆಕ್ಕಿಗೆ ಖಾತೆಯಲ್ಲಿ 39,900 ಇದ್ದರೂ ವಾಪಸ್ಸೇ. ಇದ್ದಷ್ಟು ಕೊಡಿ ಅಂದರೆ ಕೊಡುವುದಿಲ್ಲ. ಎಷ್ಟು ಕಡಿಮೆ ಇದೆ ಅಂತಲೂ ಹೇಳುವುದಿಲ್ಲ, ಅದು ಖಾತೆದಾರರ ಗುಟ್ಟು. ಎರಡನೆಯದು, ಅವರು ಬೇರೆ ಚೆಕ್ ಹಾಕಿದ್ದಾರೆ, ಅದಿನ್ನೂ ಪಾಸ್ ಆಗಿಲ್ಲ. ಇಲ್ಲಿ ಒಂದೆರಡು ದಿನ ಬಿಟ್ಟು ಮತ್ತೆ ಹೋದರೆ ಕೆಲಸ ಆಗುತ್ತದೆ. ಬರೆದುಕೊಟ್ಟವರೇ "ಸ್ಟಾಪ್ ಪೇಮೆಂಟ್" ಹೇಳಿರಬಹುದು. ಎರಡು ವರ್ಷಕ್ಕಿಂತ ಜಾಸ್ತಿ ವಹಿವಾಟು ಇಲ್ಲದೆ ಖಾತೆ ನಿಂತುಹೋಗಿರಬಹುದು. ಕೋರ್ಟಿನ ಆದೇಶದಿಂದಲೋ ಪೊಲೀಸರ ಪತ್ರದಿಂದಲೋ ಖಾತೆಗೆ ತಡೆ ಬಿದ್ದಿರಬಹುದು. ಬರೆದುಕೊಟ್ಟವರು ತೀರಿಕೊಂಡಿದ್ದು ಬ್ಯಾಂಕಿಗೆ ಗೊತ್ತಾದರೆ ಅವರು ಬದುಕಿದ್ದಾಗ ಸಹಿ ಮಾಡಿದ ಚೆಕ್ಕೂ ನಿಲ್ಲುತ್ತದೆ. ಆಗ ವಾರಸುದಾರರ ಹತ್ತಿರ ಹೋಗಬೇಕು. ದುಃಖದ ಮನೆಗೆ ಚೆಕ್ ಹಿಡಿದು ಹೋಗುವುದು ಕಷ್ಟ, ನಿಜ. ಆದರೆ ಕ್ಯಾಶಿಯರ್‌ಗೆ ಅಲ್ಲಿ ದಾರಿಯೇ ಇಲ್ಲ.

ವಾಪಸ್ ಬಂದಾಗ

ಬಾಯಿಮಾತಿಗೆ ಎದ್ದು ಬರಬೇಡಿ. ಕಾರಣ ಬರೆದ ಚೀಟಿ ಕೇಳಿ. ಬಾಕಿ ಇಲ್ಲದ್ದೇ ಕಾರಣ ಅಂತ ಅನಿಸಿದರೆ ಇನ್ನೊಂದು ದಾರಿ ಇನ್ನೂ ಒಳ್ಳೆಯದು. ಚೆಕ್ಕನ್ನು ನಿಮ್ಮ ಸ್ವಂತ ಖಾತೆಗೆ ಹಾಕಿ. ಡಬ್ಬಿಗೆ ಹಾಕದೆ ಕೌಂಟರಿನಲ್ಲಿ ಕೊಟ್ಟು ಸ್ಲಿಪ್ಪಿಗೆ ಸೀಲು ಹಾಕಿಸಿಕೊಳ್ಳಿ. ಕೌಂಟರಿನಲ್ಲಿ ಕೊಟ್ಟ ಚೆಕ್ಕಿಗೆ ಸ್ವೀಕೃತಿ ಕೊಡುವುದಿಲ್ಲ ಅನ್ನುವಂತಿಲ್ಲ. 2025ರ ಅಕ್ಟೋಬರ್ 4ರಿಂದ ಕ್ಲಿಯರಿಂಗ್ ದಿನವಿಡೀ ನಡೆಯುತ್ತದೆ. ಬರೆದುಕೊಟ್ಟವರ ಬ್ಯಾಂಕು ಅವತ್ತೇ ಸಂಜೆ 7ರೊಳಗೆ ಹೌದೋ ಅಲ್ಲವೋ ಹೇಳಬೇಕು. ಹೇಳದಿದ್ದರೆ ಒಪ್ಪಿದ ಹಾಗೆ.

ಖಾತೆಗೆ ಹಾಕಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಚೆಕ್ ಬೌನ್ಸ್ ಕೇಸು ಹಾಕಬೇಕಾಗಿ ಬಂದರೆ, 2015ರ ತಿದ್ದುಪಡಿ ಪ್ರಕಾರ ನಿಮ್ಮ ಖಾತೆಯ ಶಾಖೆ ಎಲ್ಲಿದೆಯೋ ಅಲ್ಲಿಯ ಕೋರ್ಟಿನಲ್ಲಿ ಹಾಕಬಹುದು. ಖಾತೆ ಇಂಡಿಯಲ್ಲಿದ್ದರೆ ಇಂಡಿಯಲ್ಲೇ. ಚೆಕ್ ಕೊಟ್ಟವನ ಊರಾದ ಸೊಲ್ಲಾಪುರಕ್ಕೋ ಕೊಲ್ಲಾಪುರಕ್ಕೋ ತಾರೀಖಿಗೊಮ್ಮೆ ಅಲೆಯುವುದು ತಪ್ಪುತ್ತದೆ.

ಚೆಕ್ ಬೌನ್ಸ್ ಕೇಸಿನ 138ನೇ ಕಲಮಿನ ದಿನಗಳ ಲೆಕ್ಕ ಬಿಗಿ. ವಾಪಸ್ ಆದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ಬರೆದುಕೊಟ್ಟವರಿಗೆ ನೋಟಿಸ್ ಹೋಗಬೇಕು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ನೋಟಿಸ್ ಮುಟ್ಟಿದ ಮೇಲೆ ಅವರಿಗೆ 15 ದಿನ. ಅಷ್ಟರಲ್ಲಿ ಕೊಟ್ಟರೆ ಕೇಸಿಲ್ಲ. ಕೊಡದಿದ್ದರೆ ಆಮೇಲೆ ಒಂದು ತಿಂಗಳೊಳಗೆ ದೂರು. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ಬೇಕೆಂದೇ ಸಹಿ ಬದಲಿಸಿ ಕೊಟ್ಟವರಿಗೂ ಇದೇ ಕಲಮು ತಾಗಬಹುದು ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಸಾಲ, ಮಾಲಿನ ಬಾಕಿ, ಕೂಲಿ ಹೀಗೆ ಕೊಡಬೇಕಾದ ರೊಕ್ಕಕ್ಕೆ ಮಾತ್ರ ಇದು. ಮುಯ್ಯಿ ಕೊಟ್ಟ ಚೆಕ್ಕಿಗೆ ಅಲ್ಲ. ಪಟ್ಟಿ, ಬಿಲ್ಲು ಕೈಯಲ್ಲಿರಲಿ. ನೋಟಿಸಿನ ಒಕ್ಕಣೆಯನ್ನು ವಕೀಲರಿಗೇ ಬಿಡಿ.

ಆದರೆ ಮೊದಲು ಫೋನ್ ಮಾಡಿ. ನಾನು ನೋಡಿದ ಮಟ್ಟಿಗೆ ಹತ್ತಕ್ಕೆ ಏಳೆಂಟು ಸಲ ಅದು ಮರೆವು, ಸಹಿ, ಇಲ್ಲವೇ ನನ್ನಂಥ ಗುಮಾಸ್ತನ ಕೈಚಳಕ. ಮೂರು ತಿಂಗಳ ಒಳಗಿದ್ದರೆ ಅದೇ ಚೆಕ್ಕನ್ನು ಮತ್ತೆ ಹಾಕಬಹುದು.

ಬ್ಯಾಂಕಿನದೇ ತಪ್ಪು ಅನಿಸಿದರೆ ಶಾಖೆಗೆ ಬರಹದಲ್ಲಿ ದೂರು ಕೊಡಿ. 30 ದಿನ ಕಾಯಿರಿ. ಉತ್ತರ ಬಾರದಿದ್ದರೆ, ಬಂದದ್ದು ಸಮಾಧಾನ ಕೊಡದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ಇಂಥ ದೂರು ಕೇಳುವ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಖರ್ಚಿಲ್ಲ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಪತ್ತಿನ ಸಂಘದ ಮೇಲಿನ ದೂರು ಅಲ್ಲಿ ನಡೆಯುವುದಿಲ್ಲ, ಅದಕ್ಕೆ ಸಹಕಾರ ಇಲಾಖೆ.

ಈ ವರ್ಷ ಕಾಕಾ ಮತ್ತೆ ಲಿಂಬೆ ತಂದಿದ್ದರು. ಪಟ್ಟಿ ಮಾಡಿ, ಚೆಕ್ ಪುಸ್ತಕ ತೆಗೆದು, "ಕಾಕಾ, ನಗದೋ ಖಾತೆಗೋ?" ಅಂತ ಕೇಳಿದೆ. ಅವರು ಮೇಜಿನ ಮೇಲಿದ್ದ ನನ್ನ ಪೆನ್ನು ಎತ್ತಿ ಹಿಡಿದುಕೊಂಡರು.

"ನಗದು. ಹೆಸರು ಬರಿಯೂ ಮಟ ಪೆನ್ನು ಕೊಡತೀನಿ. ಆಮ್ಯಾಲ ಹೊಳ್ಳಿ ಇಸಗೋತೀನಿ. ಮೂಲ್ಯಾಗ ನಿನ್ನ ಕೈ ಹೋಗಬಾರದು."